ದತ್ತು ಮಗುವಿನ ಜನನ ಪತ್ರದಲ್ಲಿ ತಂದೆ-ತಾಯಿ ಹೆಸರು ಬದಲಾಯಿಸೋದು ಹೇಗೆ? ಸವಣೂರು ತಾಲೂಕಿನವರಿಗೆ ಮಾಹಿತಿ

ಸವಣೂರು: ಮಗು ದತ್ತು ತಗೊಂಡಾಯ್ತು, ಎರಡೂ ಮನೆಯವರು ಒಪ್ಪಿದ್ರು, ನಾಮಕರಣವೂ ಮುಗೀತು. ಆದರೆ ಜನನ ಪ್ರಮಾಣ ಪತ್ರದಲ್ಲಿ ಹೆತ್ತವರ ಹೆಸರೇ ಉಳಿದಿದ್ದರೆ ಶಾಲೆಗೆ ಸೇರಿಸುವ ಹೊತ್ತಿಗೆ ತೊಂದರೆ ಶುರು. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಪ್ರಕಾರ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಪ್ರವೇಶ, ಆಧಾರ್, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಎಲ್ಲದಕ್ಕೂ ಜನನ ಪತ್ರವೇ ಆಧಾರ.

ಮೊದಲು ದತ್ತು ಕಾಗದ ಸರಿ ಇರಲಿ

ಹಿಂದೂ, ಜೈನ, ಬೌದ್ಧ, ಸಿಖ್ಖರು 1956ರ ಹಿಂದೂ ದತ್ತಕ ಕಾಯ್ದೆಯಡಿ ದತ್ತು ಪಡೆಯಬಹುದು. ಸಾಮಾನ್ಯವಾಗಿ ಮಗುವಿಗೆ 15 ವರ್ಷ ತುಂಬಿರಬಾರದು. ದತ್ತು ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಿ. ಕೊಟ್ಟವರು, ತಗೊಂಡವರು ಇಬ್ಬರೂ ಸಹಿ ಮಾಡಿದ ನೋಂದಾಯಿತ ಪತ್ರವಿದ್ದರೆ ಕಾನೂನು ಪ್ರಕಾರ ದತ್ತು ಆಗಿದೆ ಎಂದೇ ನಂಬಲಾಗುತ್ತದೆ. ಬರೀ ನೋಟರಿ ಮಾಡಿಸಿದ ಬಾಂಡ್ ಪೇಪರ್‌ಗೆ ಆ ಬಲ ಇಲ್ಲ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೂ ದಾರಿ ಇದೆ. 2015ರ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು ಎಂಬ ನಿಯಮವಿದೆ. ಸಂಬಂಧಿಕರ ಮಗುವಿಗೂ ಇದು ಅನ್ವಯ. ಇಲ್ಲಿ ಆದೇಶ ಕೊಡೋದು ಜಿಲ್ಲಾಧಿಕಾರಿ. 2022ರ ಸೆಪ್ಟೆಂಬರ್‌ಗೆ ಮುಂಚೆ ಈ ಅಧಿಕಾರ ಕೋರ್ಟಿಗಿತ್ತು.

ಅರ್ಜಿ ಎಲ್ಲಿ ಕೊಡಬೇಕು?

ಮಗುವಿನ ಜನನ ಎಲ್ಲಿ ನೋಂದಣಿ ಆಗಿದೆಯೋ ಅಲ್ಲೇ. ಮನೆ ಸವಣೂರಲ್ಲಿದ್ದು ಮಗು ಹುಬ್ಬಳ್ಳಿಯಲ್ಲಿ ಹುಟ್ಟಿದ್ದರೆ ಇಲ್ಲಿನ ಪುರಸಭೆಗೆ ಅಲೆದರೆ ಕೆಲಸ ಆಗಲ್ಲ. ನೋಂದಾಯಿತ ದತ್ತು ಪತ್ರ ಅಥವಾ ಜಿಲ್ಲಾಧಿಕಾರಿ ಆದೇಶದ ದೃಢೀಕೃತ ಪ್ರತಿ, ಹಳೆ ಜನನ ಪತ್ರ, ದತ್ತು ತಂದೆ-ತಾಯಿಯ ಆಧಾರ್ ಜೊತೆಗಿರಲಿ. ದತ್ತು ಕೇಂದ್ರದಿಂದ ಬಂದ ಮಗುವಾದರೆ ಆ ಕೇಂದ್ರದವರೂ ಅರ್ಜಿ ಹಾಕಬಹುದು.

ಬದಲಾಗೋದು ಹೆಸರು ಮಾತ್ರ. ಶಾಲೆಗೆ ಅನುಕೂಲ ಆಗ್ಲಿ ಅಂತ ಹುಟ್ಟಿದ ದಿನಾಂಕ ತಿದ್ದಿಸೋಕೆ ಹೋಗಬೇಡಿ.

ಅರ್ಜಿ ವಾಪಸ್ ಕಳಿಸಿದರೆ?

ಬಾಯಿಮಾತಿಗೆ ಸುಮ್ಮನೆ ಹಿಂದಿರುಗಬೇಡಿ, ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. ಅದು ಕೈಸೇರಿದ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಅಡ್ಡದಾರಿ ಬೇಡ

ಹೆರಿಗೆ ವೇಳೆ ಆಸ್ಪತ್ರೆಯಲ್ಲೇ ಸಾಕುವವರ ಹೆಸರು ಬರೆಸಿಬಿಡೋದು ಸುಲಭ ಅನಿಸಬಹುದು. ಅದು ಸುಳ್ಳು ಮಾಹಿತಿ, ಅಪರಾಧ. ದುಡ್ಡು ಕೊಟ್ಟು ಮಗು ಪಡೆದರೆ 5 ವರ್ಷದವರೆಗೆ ಜೈಲು, 1 ಲಕ್ಷ ರೂ. ದಂಡ.

ಕಾಗದ ಸರಿ ಇದ್ದರೆ ಮಗುವಿನ ಹಕ್ಕೂ ಗಟ್ಟಿ. ಅನುಕಂಪದ ನೌಕರಿ ವಿಷಯದಲ್ಲಿ ದತ್ತು ಮಗನಿಗೂ ಹೆತ್ತ ಮಗನಿಗೂ ಭೇದ ಮಾಡುವಂತಿಲ್ಲ ಎಂದು ಹೈಕೋರ್ಟ್‌ನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ.

ಹೆಚ್ಚಿನ ಮಾಹಿತಿಗೆ ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಅಥವಾ ಮಕ್ಕಳ ಸಹಾಯವಾಣಿ 1098 ಸಂಪರ್ಕಿಸಬಹುದು.