ಬೆಂಕಿಪುರದ ಹಸಿರು ಲೆಕ್ಕ

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಆ ಹೆಸರನ್ನು ನಿಜಮಾಡುವಂತೆ 1923ರ ಜನವರಿ 18ರಂದು ಭದ್ರಾ ನದಿಯ ದಡದ ಮೈಸೂರು ಕಬ್ಬಿಣ ಕಾರ್ಖಾನೆಯಲ್ಲಿ ಊದುಕುಲುಮೆ ಕೆಲಸ ಆರಂಭಿಸಿತು. ಆ ಕುಲುಮೆಗೆ ಒಂದು ವಿಶೇಷವಿತ್ತು. ಅದರಲ್ಲಿ ಉರಿದದ್ದು ಕಲ್ಲಿದ್ದಲಲ್ಲ, ಮರದ ಇದ್ದಿಲು.

'ಹಸಿರು ಉಕ್ಕು' ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಕಲ್ಲಿದ್ದಲಿಲ್ಲದೆ, ನವೀಕರಿಸಬಹುದಾದ ಶಕ್ತಿಯಿಂದ ಉಕ್ಕು ತಯಾರಿಸಲು ದೇಶದೇಶಗಳು ಕೈಜೋಡಿಸುತ್ತಿವೆ. ಇಂಥ ಸಹಕಾರ ನಮಗೆ ಹೊಸದೇನೂ ಅಲ್ಲ. ಶಿವಮೊಗ್ಗದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಭದ್ರಾವತಿಯಲ್ಲಿ ಅದು ಎರಡು ಬಾರಿ ನಡೆದಿದೆ. ಆ ಎರಡು ಪ್ರಯೋಗಗಳು ಕಲಿಸಿದ್ದೇನು ಎಂಬುದನ್ನು ನೋಡೋಣ.

ಅಮೆರಿಕದ ನಕ್ಷೆ, ಮಲೆನಾಡಿನ ಮರ

ಮೈಸೂರು ಸಂಸ್ಥಾನಕ್ಕೆ ವಿದೇಶಿ ತಂತ್ರಜ್ಞಾನದ ಪರಿಚಯ ಮೊದಲೇ ಇತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಲ್ಲಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನವು, ವಿದ್ಯುತ್ ಯಂತ್ರಗಳು ಅಮೆರಿಕದವು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912-1918) ಕಬ್ಬಿಣದ ಯೋಜನೆ ರೂಪುಗೊಂಡಿತು. ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರಿತ್ತು, ಭದ್ರೆಯಲ್ಲಿ ನೀರಿತ್ತು. ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ. ಬಂಗಾಳ-ಬಿಹಾರದಿಂದ ರೈಲಿನಲ್ಲಿ ತರಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗುತ್ತಿತ್ತು. ಟಾಟಾ ಕಾರ್ಖಾನೆಗೂ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರ ಸಲಹೆ ಪಡೆದು, ಮಲೆನಾಡಿನ ಕಾಡನ್ನೇ ಇಂಧನವಾಗಿ ಬಳಸುವ ಮಾರ್ಗವನ್ನು ಆರಿಸಲಾಯಿತು.

ಇದ್ದಿಲಿನ ಜೊತೆಗೆ ಮರವನ್ನು ಬಟ್ಟಿ ಇಳಿಸುವ ಘಟಕವೂ ಬಂತು. ಗಾಳಿ ತಾಗದಂತೆ ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯನ್ನು ತಂಪುಮಾಡಿದರೆ ಮಿಥೈಲ್ ಆಲ್ಕೋಹಾಲ್, ಅಸಿಟಿಕ್ ಆಮ್ಲ, ಟಾರು ದೊರೆಯುತ್ತವೆ. ಹೊಗೆಯಾಗಿ ಹೋಗಬೇಕಾದದ್ದು ಮಾರಾಟದ ಸರಕಾಯಿತು! ಇದ್ದಿಲಿನಲ್ಲಿ ಗಂಧಕ ಮತ್ತು ಬೂದಿಯ ಅಂಶ ಕಡಿಮೆಯಾದ್ದರಿಂದ ಬೀಡುಕಬ್ಬಿಣದ ಗುಣಮಟ್ಟವೂ ಚೆನ್ನಾಗಿರುತ್ತದೆ.

ಆದರೆ ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿಯಿತು. ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಲು 1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು.

ಒಂದು ಟನ್ನಿನ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಅದಿರಿನಲ್ಲಿರುವ ಫೆರಿಕ್ ಆಕ್ಸೈಡಿನಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಕ್ಸಿಜನ್ ಪರಮಾಣುಗಳು ಅಂಟಿಕೊಂಡಿರುತ್ತವೆ. ಒಂದೊಂದು ಆಕ್ಸಿಜನ್ ಪರಮಾಣುವನ್ನೂ ಒಂದೊಂದು ಕಾರ್ಬನ್ ಪರಮಾಣು ಕಿತ್ತೊಯ್ದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ ಎಂದುಕೊಂಡರೆ, ಒಂದು ಟನ್ ಕಬ್ಬಿಣಕ್ಕೆ ಸುಮಾರು 320 ಕಿ.ಗ್ರಾಂ. ಕಾರ್ಬನ್ ಸಾಕು. ಆದರೆ ಊದುಕುಲುಮೆಯಲ್ಲಿ ಇದರ ಎರಡು-ಮೂರು ಪಟ್ಟು ಇದ್ದಿಲು ಖರ್ಚಾಗುತ್ತದೆ. ಕುಲುಮೆಯನ್ನು ಕಾಯಿಸುವ ಶಾಖವೂ ಅದರಿಂದಲೇ ಬರಬೇಕಲ್ಲವೆ? ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಒಣಮರ ಬೇಕು. ಅಂದರೆ ಒಂದು ಟನ್ ಕಬ್ಬಿಣದ ಹಿಂದೆ ಸುಮಾರು ಮೂರು-ನಾಲ್ಕು ಟನ್ ಮರ ಇರುತ್ತದೆ.

ಮರ ನವೀಕರಿಸಬಹುದಾದ ಇಂಧನ, ನಿಜ. ಆದರೆ ಕಡಿದಷ್ಟೇ ವೇಗದಲ್ಲಿ ಬೆಳೆದರೆ ಮಾತ್ರ. ಕುಲುಮೆ ದಿನದ 24 ಗಂಟೆಯೂ ಉರಿಯುತ್ತದೆ, ಕಾಡು ಮಳೆಗಾಲಕ್ಕೊಮ್ಮೆ ಚಿಗುರುತ್ತದೆ. ಇನ್ನು ನೆಡುತೋಪು ಮರ ಕೊಡಬಹುದೇ ಹೊರತು ನೂರಾರು ಬಗೆಯ ಗಿಡಮರಗಳಿದ್ದ ಕಾಡನ್ನು ಮರಳಿ ಕೊಡಲಾರದು.

ನಾರ್ವೆಯ ಕುಲುಮೆ, ಜೋಗದ ವಿದ್ಯುತ್ತು

ಎರಡನೆಯ ಅಧ್ಯಾಯ ಸ್ವಾತಂತ್ರ್ಯಾನಂತರದ್ದು. 1948ರಲ್ಲಿ ಜೋಗದಲ್ಲಿ, ಇಂದು ಮಹಾತ್ಮಾ ಗಾಂಧಿ ಹೆಸರಿನ, ಜಲವಿದ್ಯುದಾಗಾರ ಕಾರ್ಯಾರಂಭ ಮಾಡಿತು. 1952ರಲ್ಲಿ ಭದ್ರಾವತಿಯಲ್ಲಿ ನಾರ್ವೆಯ ಟೈಸ್ಲಂಡ್-ಹೋಲ್ ಮಾದರಿಯ ಎರಡು ವಿದ್ಯುತ್ ಕುಲುಮೆಗಳು ಸ್ಥಾಪನೆಯಾದವು.

ನಾರ್ವೆಯ ಕುಲುಮೆಯೇ ಏಕೆ? ಆ ದೇಶದ ಮುಖ್ಯಭೂಮಿಯಲ್ಲಿ ಕಲ್ಲಿದ್ದಲು ಇಲ್ಲವೆನ್ನುವಷ್ಟು ಕಡಿಮೆ, ಜಲಪಾತಗಳು ಹೇರಳ. ಮಲೆನಾಡಿನದೂ ಅದೇ ಸ್ಥಿತಿ. ತಮ್ಮ ಕೊರತೆಗೆ ಅವರು ಕಂಡುಕೊಂಡ ಪರಿಹಾರ ನಮ್ಮ ಕೊರತೆಗೂ ಒದಗಿತು. ಈ ಕುಲುಮೆಯಲ್ಲಿ ಶಾಖವನ್ನು ವಿದ್ಯುತ್ತು ಕೊಡುತ್ತದೆ, ಕಾರ್ಬನ್ನಿನ ಕೆಲಸ ಆಕ್ಸಿಜನ್ನನ್ನು ಕೀಳುವುದಷ್ಟೆ. ಟನ್ನಿಗೆ ಸುಮಾರು 2,500 ಯೂನಿಟ್ ವಿದ್ಯುತ್ತು ಕೊಟ್ಟರೆ ಇಂಧನದ ದೊಡ್ಡ ಪಾಲು ಉಳಿಯುತ್ತದೆ.

ಆದರೆ ಕಾಡಿನ ಮೇಲಿನ ಹೊರೆ ಇಳಿದಾಗ ನದಿಯ ಮೇಲಿನ ಹೊರೆ ಏರಿತು. ಕಾರ್ಖಾನೆಗಳಿಗೂ ಊರುಗಳಿಗೂ ಇನ್ನಷ್ಟು ವಿದ್ಯುತ್ತು ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ಭಾಗದ ಅನೇಕ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳಾದರೂ ಪೂರ್ತಿ ಬಗೆಹರಿದಿಲ್ಲ. ಒಂದು ಯೂನಿಟ್ಟಿನ ಬೆಲೆ ಹೇಳುವಾಗ ನಾವು ಇದನ್ನು ಸೇರಿಸುವುದಿಲ್ಲ.

ಮೂರನೆಯ ಅವಕಾಶ

ಇಂದಿನ ಪ್ರಯತ್ನ ಕಾರ್ಬನ್ನನ್ನೇ ಬಿಟ್ಟುಬಿಡುವುದು. ಹೈಡ್ರೋಜನ್ ಬಳಸಿದರೆ ಅದಿರಿನ ಆಕ್ಸಿಜನ್ ನೀರಾಗಿ ಹೊರಬರುತ್ತದೆ. ಒಂದು ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿ.ಗ್ರಾಂ. ಹೈಡ್ರೋಜನ್ ಬೇಕು. ನೀರನ್ನು ವಿಭಜಿಸಿ ಅದನ್ನು ಪಡೆಯಲು ಕಿಲೋಗ್ರಾಮಿಗೆ 50 ಯೂನಿಟ್ ಎಂದರೂ 2,700 ಯೂನಿಟ್ ಆಗುತ್ತದೆ. ಅದಿರನ್ನು ಕಾಯಿಸಲು, ಕರಗಿಸಲು ಬೇಕಾದ ಶಕ್ತಿ ಬೇರೆ. ಸ್ವೀಡನ್ನಿನ 'ಹೈಬ್ರಿಟ್' ಯೋಜನೆ ಹೀಗೆ 2021ರಲ್ಲಿ ಸ್ಪಂಜು ಕಬ್ಬಿಣ ತಯಾರಿಸಿ ತೋರಿಸಿತು. ಭಾರೀ ಉದ್ಯಮಗಳ ಇಂಗಾಲ ತಗ್ಗಿಸಲು ಭಾರತ ಮತ್ತು ಸ್ವೀಡನ್ 2019ರಲ್ಲಿ 'ಲೀಡ್‌ಇಟ್' ಎಂಬ ಅಂತರರಾಷ್ಟ್ರೀಯ ಕೂಟವನ್ನು ಆರಂಭಿಸಿದವು. 2023ರಲ್ಲಿ ನಮ್ಮ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಅಭಿಯಾನಕ್ಕೆ ಒಪ್ಪಿಗೆ ನೀಡಿತು.

ಅದೇ 2023ರ ಜನವರಿಯಲ್ಲಿ, ಮೊದಲ ಕುಲುಮೆಗೆ ನೂರು ವರ್ಷ ತುಂಬಿದ ತಿಂಗಳಲ್ಲೇ, ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಕಾರ್ಮಿಕರು ಹೋರಾಟಕ್ಕಿಳಿದರು. ಆಗಸ್ಟಿನಲ್ಲಿ ಸರಳು ತಯಾರಿಸುವ ವಿಭಾಗ ಮತ್ತೆ ಕೆಲಸ ಆರಂಭಿಸಿತು. ಕಲ್ಲಿದ್ದಲಿಲ್ಲದೆ ಕಬ್ಬಿಣ ಮಾಡುವುದನ್ನು ದೇಶಕ್ಕೆ ತೋರಿಸಿಕೊಟ್ಟ ಊರು ಹೊಸ ಪ್ರಯೋಗಗಳ ಪಟ್ಟಿಯಲ್ಲಿ ಇರಬೇಡವೆ?

ಭದ್ರಾವತಿಯ ಇತಿಹಾಸ ಎರಡು ಮಾತು ಹೇಳುತ್ತದೆ. ನಮ್ಮಂತೆಯೇ ಕೊರತೆ ಇದ್ದ ನಾಡಿನಿಂದ ಬಂದ ತಂತ್ರಜ್ಞಾನ ನಮಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಕಾಡು, ನದಿ, ಜನರ ಲೆಕ್ಕವನ್ನು ಯಂತ್ರ ಕೊಟ್ಟವರು ಮಾಡಿ ಕೊಡುವುದಿಲ್ಲ, ಅದನ್ನು ನಾವೇ ಮಾಡಬೇಕು. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಸುತ್ತ ಎದ್ದಿರುವ ಚರ್ಚೆಯೂ ಈ ಲೆಕ್ಕದ್ದೇ. ಮುಂದೆ ಯಾವುದೇ ದೇಶದ ಜೊತೆ ಒಪ್ಪಂದವಾದರೂ ಸಹಿ ಹಾಕುವ ಮುನ್ನ ಈ ಲೆಕ್ಕ ಮುಗಿದಿರಲಿ.