ಹಿರೋಶಿಮಾ, ನಾಗಸಾಕಿ: ಲೆಕ್ಕ ಬರೆದವರು ಯಾರು?

ನಾವು ಡಿಗ್ರಿ ಓದುವಾಗ ಕಾಲೇಜಿನಲ್ಲಿ ಒಂದು ಚರ್ಚಾ ಸ್ಪರ್ಧೆ ನಡೆಯಿತು. ವಿಷಯ: ‘ಯುದ್ಧ ನಿಲ್ಲಿಸಲು ಅಮೆರಿಕ ಅಣುಬಾಂಬು ಹಾಕಿದ್ದು ಸರಿ’. ಚೀಟಿ ಎತ್ತಿದಾಗ ನಮಗೆ ಬಂದದ್ದು ‘ಪರ’. ಎರಡು ಊರು ಸುಟ್ಟಿದ್ದರಿಂದ ಹತ್ತು ಲಕ್ಷ ಜೀವ ಉಳೀತು ಅಂತ ಮೇಜು ಗುದ್ದಿ ಮಾತಾಡಿದೆವು. ಚಪ್ಪಾಳೆ ಬಿತ್ತು. ಎರಡನೇ ಬಹುಮಾನ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಡಬ್ಬಿ ಹಿಡಕೊಂಡು ಊರಿಗೆ ಹೋದಾಗ ಅವ್ವ ಕೇಳಿದಳು: “ಏನ್ ಮಾತಾಡ್ದೆ ಅಂತ ಕೊಟ್ರಪ್ಪ ಇದ್ನ?” ಹೇಳಿದೆವು. ಅವ್ವ ಡಬ್ಬಿಗೆ ಬೇಳೆ ತುಂಬುತ್ತಾ, “ಸುಟ್ಟೋದ್ವಲ್ಲ ಊರು, ಅಲ್ಲಿ ಯಾರ್ ಇದ್ರು?” ಅಂದಳು.

ನಮಗೆ ವಿಮಾನದ ಹೆಸರು ಗೊತ್ತಿತ್ತು. ಬಾಂಬಿನ ಹೆಸರು ಗೊತ್ತಿತ್ತು. ಅಲ್ಲಿ ಯಾರಿದ್ದರು ಅನ್ನೋದು ಗೊತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಅದಿರಲಿಲ್ಲ, ನಾವೂ ಹುಡುಕಿರಲಿಲ್ಲ. ಅವ್ವನ ಪ್ರಶ್ನೆಗೆ ತಡವಾಗಿ ಉತ್ತರ ಬರೆಯುತ್ತಿದ್ದೇವೆ.

1945ರ ಆಗಸ್ಟ್ 6, ಸೋಮವಾರ, ಬೆಳಿಗ್ಗೆ 8.15. ಹಿರೋಶಿಮಾ ನಗರದ ನಡುಮಧ್ಯದ ಒಂದು ಸೇತುವೆಗೆ ಗುರಿಯಿಟ್ಟು ಬಿಟ್ಟ ಬಾಂಬು ಸ್ವಲ್ಪ ಆಚೆ, ಒಂದು ಆಸ್ಪತ್ರೆಯ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಆ ಹೊತ್ತಿಗೆ ಊರ ಬೀದಿಗಳಲ್ಲಿ ಶಾಲೆಯ ಮಕ್ಕಳಿದ್ದರು. ಪಾಠಕ್ಕೆ ಬಂದವರಲ್ಲ, ಕೂಲಿಗೆ ಬಂದವರು. ವಿಮಾನ ದಾಳಿಯ ಬೆಂಕಿ ಹರಡಬಾರದೆಂದು ಮನೆಗಳನ್ನು ಕೆಡವಿ ದಾರಿ ಅಗಲ ಮಾಡುವ ಕೆಲಸಕ್ಕೆ ಜಪಾನಿ ಸರ್ಕಾರ ಹನ್ನೆರಡು ಹದಿಮೂರು ವರ್ಷದ ಹುಡುಗ ಹುಡುಗಿಯರನ್ನು ಸಾವಿರಗಟ್ಟಲೆ ಹಚ್ಚಿತ್ತು. ಅವರಲ್ಲಿ ಸುಮಾರು 6,000 ಮಕ್ಕಳು ಸತ್ತರು. ಆ ವರ್ಷ ಮುಗಿಯುವುದರೊಳಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000. ಮೂರು ದಿನ ಬಿಟ್ಟು ಬಾಂಬು ಬಿದ್ದ ನಾಗಸಾಕಿಯಲ್ಲಿ ಸುಮಾರು 70,000.

ಹಿರೋಶಿಮಾದಲ್ಲಿ ಸೈನ್ಯ ಇರಲಿಲ್ಲವೇ? ಇತ್ತು. ಪಶ್ಚಿಮ ಜಪಾನಿನ ರಕ್ಷಣೆ ಹೊತ್ತಿದ್ದ ಎರಡನೇ ಜನರಲ್ ಆರ್ಮಿಯ ಕೇಂದ್ರವೇ ಅಲ್ಲಿತ್ತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಆವತ್ತಿನ ಹೇಳಿಕೆಯಲ್ಲಿ ಹಿರೋಶಿಮಾವನ್ನು ಮುಖ್ಯವಾದ ಸೈನಿಕ ನೆಲೆ ಅಂತಲೇ ಕರೆದರು. ಊರು ಅನ್ನಲಿಲ್ಲ. ಆದರೆ ಗುರಿ ಆರಿಸಿದವರು ತಮ್ಮ ತಮ್ಮಲ್ಲಿ ಏನು ಮಾತಾಡಿಕೊಂಡಿದ್ದರು? ಬಾಂಬಿನ ಬಳಕೆ ಬಗ್ಗೆ ಸಲಹೆ ಕೊಡಲು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಮುಂದಾಳತ್ವದಲ್ಲಿ ‘ಇಂಟೆರಿಮ್ ಕಮಿಟಿ’ ಅಂತ ಒಂದಿತ್ತು. 1945ರ ಮೇ 31ರಂದು ಅದು ಸೇರಿತು. ಆ ಸಭೆಯ ಟಿಪ್ಪಣಿ ಉಳಿದಿದೆ. ಬಹಳ ಜನ ಕಾರ್ಮಿಕರು ದುಡಿಯುವ, ಸುತ್ತ ಒತ್ತಾಗಿ ಕಾರ್ಮಿಕರ ಮನೆಗಳಿರುವ ಒಂದು ಯುದ್ಧ ಕಾರ್ಖಾನೆಯೇ ಅತ್ಯುತ್ತಮ ಗುರಿ ಅಂತ ಅಲ್ಲಿ ಒಪ್ಪಿಕೊಂಡರು. ಮುನ್ನೆಚ್ಚರಿಕೆ ಕೊಡಬಾರದು ಅಂತ ಮಾರನೇ ದಿನ ಶಿಫಾರಸು ಮಾಡಿದರು.

ಗೆಳೆಯರೆ, ಇದನ್ನು ಇನ್ನೊಂದು ಸಲ ಓದಿ. ಕಾರ್ಖಾನೆಯ ಮಾಲೀಕನ ಬಂಗಲೆ ಅಂತ ಅಲ್ಲಿಲ್ಲ. ಕಾರ್ಮಿಕರ ಮನೆಗಳು ಅಂತ ಇದೆ.

ಗುರಿಗಳ ಪಟ್ಟಿಯಲ್ಲಿ ಮೊದಲು ಕ್ಯೋಟೊ ನಗರ ಇತ್ತು. ಹಳೆಯ ರಾಜಧಾನಿ, ದೇವಾಲಯಗಳ ಊರು. ಸ್ಟಿಮ್ಸನ್ ಆ ಊರನ್ನು ನೋಡಿ ಬಂದಿದ್ದವರು. ಅದು ಜಪಾನಿನ ಸಂಸ್ಕೃತಿಯ ತಾಣ, ಅದನ್ನು ಸುಟ್ಟರೆ ಜಪಾನೀಯರು ನಮ್ಮನ್ನು ಯಾವತ್ತೂ ಕ್ಷಮಿಸದೆ ರಷ್ಯಾದ ಕಡೆ ವಾಲುತ್ತಾರೆ ಅಂತ ಹಟ ಹಿಡಿದು ಹೆಸರು ಹೊಡೆಸಿದರು. ಕ್ಯೋಟೊ ಉಳಿದದ್ದು ನಮಗೂ ಸಂತೋಷವೇ, ಅಲ್ಲಿಯೂ ಮಕ್ಕಳಿದ್ದರು. ಆದರೆ ಗುಡಿ ಗೋಪುರಕ್ಕೆ ಸಿಕ್ಕ ವಕೀಲ ಕಾರ್ಮಿಕರ ಮನೆಗಳಿಗೆ ಸಿಗಲಿಲ್ಲ. ಜುಲೈ ಕೊನೆಗೆ ಆ ಪಟ್ಟಿಗೆ ನಾಗಸಾಕಿ ಸೇರಿತು.

ಆಗಸ್ಟ್ 9ರ ಬೆಳಿಗ್ಗೆ ವಿಮಾನ ಹೊರಟದ್ದು ನಾಗಸಾಕಿಗಲ್ಲ, ಕೊಕುರಾ ಎಂಬ ಊರಿಗೆ. ಅಲ್ಲಿ ಮೋಡ, ಹೊಗೆ ಮುಚ್ಚಿ ಗುರಿ ಕಾಣಲಿಲ್ಲ. ವಿಮಾನ ತಿರುಗಿತು. 11.02ಕ್ಕೆ ನಾಗಸಾಕಿಯ ಉರಕಾಮಿ ಕಣಿವೆಯ ಮೇಲೆ ಬಾಂಬು ಸಿಡಿಯಿತು. ಮೋಡ ಸರಿದಿದ್ದರೆ ಆ ಊರು, ಸರಿಯದಿದ್ದರೆ ಈ ಊರು.

ಉರಕಾಮಿಯಲ್ಲಿ ಯಾರಿದ್ದರು? ಮಿತ್ಸುಬಿಶಿ ಕಂಪನಿಯ ಶಸ್ತ್ರ ಕಾರ್ಖಾನೆಗಳ ಕಾರ್ಮಿಕರು. ಎರಡೂವರೆ ಶತಮಾನ ತಮ್ಮ ಧರ್ಮವನ್ನು ಒಳಗೊಳಗೇ ಮುಚ್ಚಿಟ್ಟು ಬದುಕಿದ ಬಡ ಕ್ರೈಸ್ತ ರೈತರ ಮಕ್ಕಳು ಮೊಮ್ಮಕ್ಕಳು. ಅವರು ಕೈಯಾರೆ ಕಟ್ಟಿದ ದೊಡ್ಡ ಚರ್ಚು ಕುಸಿಯಿತು. ಸುಮಾರು 12,000 ಭಕ್ತರಲ್ಲಿ 8,500ರಷ್ಟು ಮಂದಿ ಸತ್ತರು. ಅವರ ಪಕ್ಕದಲ್ಲೇ ಇನ್ನೊಂದು ಕೇರಿ ಇತ್ತು. ಆ ಕೇರಿಯ ಬಗ್ಗೆ ಓದಿದ ದಿನ ನಮಗೆ ಊಟ ಸೇರಲಿಲ್ಲ.

ಜಪಾನಿನಲ್ಲಿ ಅಸ್ಪೃಶ್ಯರಿದ್ದಾರೆ ಅಂತ ನಮಗೆ ಯಾವ ಮೇಷ್ಟರೂ ಹೇಳಿರಲಿಲ್ಲ. ಬುರಾಕುಮಿನ್ ಅಂತ ಅವರ ಹೆಸರು, ಅಂದರೆ ಕೇರಿಯ ಜನ. ಸತ್ತ ದನ ಎಳೆಯೋದು, ಚರ್ಮ ಹದ ಮಾಡೋದು, ಮಾಂಸ ಕಡಿಯೋದು ಅವರ ಪಾಲಿನ ಕಸುಬು. ಬೇರೆ ಕೇರಿ, ಬೇರೆ ಮದುವೆ. 1871ರಲ್ಲಿ ಸರ್ಕಾರ ಕಾಗದದ ಮೇಲೆ ಅವರನ್ನು ಬಿಡುಗಡೆ ಮಾಡಿತು. ಊರಿನವರು ಮಾಡಲಿಲ್ಲ. 1922ರಲ್ಲಿ ಕ್ಯೋಟೊದಲ್ಲಿ ಅವರು ‘ಸುಯಿಹೆಯಿಷಾ’ ಅಂತ ಸಮಾನತೆಯ ಸಂಘ ಕಟ್ಟಿದರು. ನಮ್ಮಲ್ಲಿ ಮಹಾಡ್ ಕೆರೆಯ ಸತ್ಯಾಗ್ರಹ ನಡೆದದ್ದು ಅದಕ್ಕೆ ಐದು ವರ್ಷ ತಡವಾಗಿ, 1927ರಲ್ಲಿ. ಹೀಗೆ ಒಂದೇ ಕಾಲದಲ್ಲಿ, ಒಬ್ಬರಿಗೊಬ್ಬರು ಗುರುತಿಲ್ಲದೆ ಎದ್ದು ನಿಂತವರು ನಾವು.

ಉರಕಾಮಿಯಲ್ಲೂ ಅಂಥ ಒಂದು ಬುರಾಕು ಇತ್ತು. ಹಿಂದೆ ಅಧಿಕಾರಿಗಳು ಈ ಕೇರಿಯವರನ್ನು ಪಕ್ಕದ ಕ್ರೈಸ್ತರ ಮೇಲೆ ಕಾವಲಿಗೆ ಹಾಕಿದ್ದರು. 1867ರಲ್ಲಿ ಆ ಕ್ರೈಸ್ತರನ್ನು ಹಿಡಿದು ಕಟ್ಟಲು ಇವರನ್ನೇ ಬಳಸಿದರು. ತುಳಿಸಿಕೊಂಡವರ ಕೈಯಿಂದಲೇ ತುಳಿಸಿಕೊಂಡವರನ್ನು ಹೊಡೆಸೋ ಈ ವಿದ್ಯೆ ನಮಗೇನೂ ಹೊಸದಲ್ಲ. ಆಗಸ್ಟ್ 9ರಂದು ಎರಡೂ ಕೇರಿ ಒಟ್ಟಿಗೆ ಬೂದಿಯಾದವು. ಬದುಕಿ ಉಳಿದ ಬುರಾಕು ಜನ ದಿಕ್ಕಾಪಾಲಾದರು.

ಇನ್ನು ಕೊರಿಯಾದವರು. 1910ರಿಂದ ಕೊರಿಯಾ ಜಪಾನಿನ ವಸಾಹತು. ಗಣಿಗೆ, ಕಾರ್ಖಾನೆಗೆ, ಬಂದರಿಗೆ ಅಲ್ಲಿಂದ ಜನರನ್ನು ಎಳೆತಂದಿದ್ದರು. ಎರಡೂ ಊರಲ್ಲಿ ಅವರು ಸಾವಿರಗಟ್ಟಲೆ ಸತ್ತರು. ಹಿರೋಶಿಮಾದಲ್ಲಿ ಕೊರಿಯನ್ನರಿಗೆ ಸ್ಮಾರಕ ಎದ್ದದ್ದು 1970ರಲ್ಲಿ, ಅದೂ ಶಾಂತಿ ಉದ್ಯಾನದ ಹೊರಗೆ. ಒಳಗೆ ಬರಲು 1999ರ ತನಕ ಕಾಯಬೇಕಾಯಿತು. ಸತ್ತ ಮೇಲೂ ಊರ ಹೊರಗೇ!

ಬಾಂಬಿನ ಇನ್ನೊಂದು ತುದಿಯಲ್ಲೂ ಕೂಲಿಗಳೇ. ಅಮೆರಿಕದ ಬಾಂಬು ಯೋಜನೆಗೆ ಬೇಕಾದ ಯುರೇನಿಯಂನಲ್ಲಿ ಬಹುಪಾಲು ಬಂದದ್ದು ಬೆಲ್ಜಿಯಂ ಆಳುತ್ತಿದ್ದ ಕಾಂಗೋದ ಶಿಂಕೊಲೊಬ್ವೆ ಗಣಿಯಿಂದ. ಅಗೆದವರು, ಹೊತ್ತವರು ಅಲ್ಲಿನ ಕರಿಯ ಜನ. ತಾವು ಹೊರುತ್ತಿರುವುದು ಏನೆಂದು ಅವರಿಗೆ ಯಾರು ಹೇಳಬೇಕು?

ಈಗ ನಾವು ಮೇಜು ಗುದ್ದಿ ಹೇಳಿದ ಆ ಹತ್ತು ಲಕ್ಷದ ಲೆಕ್ಕಕ್ಕೆ ಬರೋಣ. ಅದು ಜನಜನಿತವಾದದ್ದು ಬಾಂಬು ಬಿದ್ದ ಮೇಲೆ, 1947ರಲ್ಲಿ. ಆ ವರ್ಷ ಸ್ಟಿಮ್ಸನ್ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಲೇಖನ ಬರೆದು, ಜಪಾನಿನ ಮೇಲೆ ಸೈನ್ಯ ಇಳಿಸಿದ್ದರೆ ಅಮೆರಿಕದ ಕಡೆಯೇ ಹತ್ತು ಲಕ್ಷಕ್ಕೂ ಹೆಚ್ಚು ಸಾವುನೋವು ಆಗಬಹುದಿತ್ತು ಅಂದರು. ಸಾವುನೋವು ಅಂದರೆ ಸತ್ತವರು, ಗಾಯಗೊಂಡವರು ಎಲ್ಲ ಸೇರಿ. ಬಾಯಿಂದ ಬಾಯಿಗೆ ಬಂದು ಅದು ‘ಹತ್ತು ಲಕ್ಷ ಜೀವ’ ಆಯಿತು. 1945ರ ಜೂನ್‌ನಲ್ಲಿ ಸೈನ್ಯದ ಯೋಜಕರ ಒಂದು ಸಮಿತಿ ಹಾಕಿದ ಅಂದಾಜಿನಲ್ಲಿ ಸಾಯಬಹುದಾದ ಅಮೆರಿಕನ್ ಸೈನಿಕರು 25,000ದಿಂದ 46,000. ಆಮೇಲೆ ಕ್ಯೂಷು ದ್ವೀಪದಲ್ಲಿ ಜಪಾನಿ ಸೈನ್ಯ ಜಮಾಯಿಸುತ್ತಿರುವ ಸುದ್ದಿ ಬಂದು ಭಯ ಹೆಚ್ಚಿತು ಅನ್ನೋದೂ ನಿಜ. ಇದಕ್ಕಿಂತ ಬಹಳ ದೊಡ್ಡ ಅಂದಾಜುಗಳೂ ಇದ್ದವು. ಒಂದೊಂದು ಕಚೇರಿಯಲ್ಲಿ ಒಂದೊಂದು ಲೆಕ್ಕ. ಅವುಗಳಲ್ಲಿ ಬೇಕಾದ್ದನ್ನು ಎತ್ತಿ ನಮ್ಮ ಕೈಗಿಟ್ಟರು, ನಾವು ಬಾಯಿಪಾಠ ಮಾಡಿದೆವು.

ಬೇರೆ ದಾರಿ ಇತ್ತೇ? ಷಿಕಾಗೋದ ವಿಜ್ಞಾನಿಗಳು ಜೂನ್‌ನಲ್ಲೇ ಫ್ರಾಂಕ್ ವರದಿ ಬರೆದು, ಜನರಿಲ್ಲದ ಕಡೆ ಬಾಂಬು ಸಿಡಿಸಿ ತೋರಿಸಿ ಅಂತ ಕೇಳಿಕೊಂಡಿದ್ದರು. ಜುಲೈನಲ್ಲಿ ಲಿಯೋ ಸಿಲಾರ್ಡ್ ಮತ್ತು ಜೊತೆಗಾರರು ಸೇರಿ 70 ಮಂದಿ ಅಧ್ಯಕ್ಷರಿಗೆ ಮನವಿಗೆ ಸಹಿ ಹಾಕಿದರು. ಚಕ್ರವರ್ತಿಯ ಪಟ್ಟ ಉಳಿಸುತ್ತೇವೆ ಅಂತ ಜಪಾನಿಗೆ ಮೊದಲೇ ಹೇಳಿಬಿಡಿ ಅಂದವರು ಅಮೆರಿಕ ಸರ್ಕಾರದ ಒಳಗೇ ಇದ್ದರು. ರಷ್ಯಾ ಯುದ್ಧಕ್ಕಿಳಿಯಲು ದಿನ ಎಣಿಸುತ್ತಿತ್ತು, ಆಗಸ್ಟ್ 8ರ ರಾತ್ರಿ ಇಳಿದೇಬಿಟ್ಟಿತು. ಬಾಂಬು, ರಷ್ಯಾ, ಸೈನ್ಯದ ಇಳಿತ ಯಾವುದೂ ಇಲ್ಲದಿದ್ದರೂ ಜಪಾನ್ 1945 ಮುಗಿಯುವುದರೊಳಗೆ ಶರಣಾಗುತ್ತಿತ್ತು ಅಂತ ಅಮೆರಿಕದ್ದೇ ಬಾಂಬು ದಾಳಿ ಸಮೀಕ್ಷೆ 1946ರಲ್ಲಿ ಹೇಳಿತು.

ಇತಿಹಾಸಕಾರರು ಇದನ್ನೆಲ್ಲ ಒಪ್ಪಿಬಿಟ್ಟಿಲ್ಲ. ರಷ್ಯಾವನ್ನು ಹೆದರಿಸಲು ಬಾಂಬು ಬಳಸಿದರು ಅಂತ ಗಾರ್ ಆಲ್ಪೆರೋವಿಟ್ಸ್ 1965ರಲ್ಲಿ ವಾದಿಸಿದರು. ಜಪಾನಿನ ಸೈನ್ಯ ಮಣಿಯುವ ಹಾದಿಯಲ್ಲೇ ಇರಲಿಲ್ಲ ಅಂತ ರಿಚರ್ಡ್ ಫ್ರಾಂಕ್ 1999ರಲ್ಲಿ ಬರೆದರು. ಬಾಂಬಿಗಿಂತ ರಷ್ಯಾದ ಯುದ್ಧ ಘೋಷಣೆಯೇ ಜಪಾನಿನ ದೊರೆಗಳನ್ನು ನಡುಗಿಸಿತು ಅಂತ ತ್ಸುಯೊಶಿ ಹಸೆಗಾವಾ 2005ರಲ್ಲಿ ತೋರಿಸಹೊರಟರು. ಜಗಳ ಇನ್ನೂ ನಡೆದಿದೆ.

ಜಪಾನಿನ ಆಳುವವರನ್ನು ನಾವು ಬಿಟ್ಟುಬಿಡುತ್ತಿಲ್ಲ. 1945ರ ಫೆಬ್ರವರಿಯಲ್ಲೇ ಮಾಜಿ ಪ್ರಧಾನಿ ಕೊನೊಯೆ ಸೋಲು ಖಚಿತ, ಯುದ್ಧ ನಿಲ್ಲಿಸಿ ಅಂತ ಚಕ್ರವರ್ತಿಗೆ ಹೇಳಿದ್ದರು. ಇನ್ನೊಂದು ಗೆಲುವು ಸಿಗಲಿ ಅಂತ ಚಕ್ರವರ್ತಿ ಕಾದರು. ಮಾರ್ಚ್‌ನಲ್ಲಿ ಒಂದೇ ರಾತ್ರಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಬೆಂಕಿ ಬಾಂಬಿಗೆ ಸತ್ತರು, ಆಗಲೂ ಕಾದರು. ಆಗಸ್ಟ್ 9ರಂದು, ನಾಗಸಾಕಿಯ ಸುದ್ದಿ ಬಂದ ಮೇಲೂ, ಆರು ಮಂದಿಯ ಯುದ್ಧ ಮಂಡಳಿ ಮೂರು ಮೂರಾಗಿ ಒಡೆದು ಕೂತಿತ್ತು. ಪಟ್ಟ ಉಳಿಯಬೇಕು ಅನ್ನೋದರಲ್ಲಿ ಮಾತ್ರ ಆರೂ ಜನ ಒಂದೇ. ಕೊನೆಗೆ ಅಮೆರಿಕವೂ ಚಕ್ರವರ್ತಿಯನ್ನು ಉಳಿಸಿಕೊಂಡಿತು. ಹಿರೋಹಿತೊ 1989ರಲ್ಲಿ ಸಾಯುವ ತನಕ ಚಕ್ರವರ್ತಿಯಾಗೇ ಇದ್ದರು. ಬೀದಿ ಅಗಲ ಮಾಡಲು ಹೋದ ಮಕ್ಕಳಿಗೆ ಹದಿನಾಲ್ಕು ತುಂಬಲಿಲ್ಲ.

ಬಾಂಬಿನ ಪರವಾಗಿ ಇರುವ ಗಟ್ಟಿ ವಾದ ಒಂದಿದೆ, ಅದನ್ನು ನಾವು ಎದುರಿಸಲೇಬೇಕು. ಯುದ್ಧ ಒಂದೊಂದು ದಿನ ಬೆಳೆದರೂ ಚೀನಾದಲ್ಲಿ, ಕೊರಿಯಾದಲ್ಲಿ, ಇಂಡೊನೇಷ್ಯಾದಲ್ಲಿ ಜಪಾನಿ ಸೈನ್ಯದ ಬೂಟಿನಡಿ ಜನ ಸಾಯುತ್ತಿದ್ದರು. 1942-43ರಲ್ಲಿ ಸಯಾಂ-ಬರ್ಮಾ ರೈಲುದಾರಿ ಹಾಕಲು ಮಲಯಾದ ರಬ್ಬರ್ ತೋಟಗಳಿಂದ ತಮಿಳು ಕೂಲಿಗಳನ್ನು ಎಳೆದೊಯ್ದರು. ಅವರಲ್ಲಿ ಬಹಳ ಮಂದಿ ನಮ್ಮವರೇ, ದಲಿತರು. ಕಾಲರಾಕ್ಕೆ, ಹಸಿವಿಗೆ, ಹೊಡೆತಕ್ಕೆ ಏಷ್ಯಾದ ಕೂಲಿಗಳು ಹತ್ತಾರು ಸಾವಿರ ಸತ್ತರು. ಯುದ್ಧವೇ ಬೇಡ ಅಂತ ಕೈಕಟ್ಟಿ ಕೂರುವ ಜಾಯಮಾನವೂ ನಮ್ಮದಲ್ಲ. ಬಾಬಾಸಾಹೇಬರೇ ನಾಜಿಗಳ ವಿರುದ್ಧದ ಯುದ್ಧವನ್ನು ಬೆಂಬಲಿಸಿದವರು. ಜಪಾನಿ ಸಾಮ್ರಾಜ್ಯಶಾಹಿ ಸೋಲಬೇಕಿತ್ತು, ಬೇಗ ಸೋಲಬೇಕಿತ್ತು. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೂ ಬಾಂಬು ಹಾಕಿದ್ದು ಸರಿಯಲ್ಲ ಅನ್ನುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದನ್ನು ನಾವು ತಲೆತಲಾಂತರದಿಂದ ಕಂಡವರು. ರೈಲುದಾರಿಯಲ್ಲಿ ಸತ್ತ ತಮಿಳು ಕೂಲಿಯ ಲೆಕ್ಕವನ್ನು ಹಿರೋಶಿಮಾದಲ್ಲಿ ಸತ್ತ ಕೊರಿಯನ್ ಕೂಲಿಯ ಹೆಣದಿಂದ ತೀರಿಸಲಾಗದು. ಬೇರೆ ದಾರಿಗಳು ಖಂಡಿತ ಫಲಿಸುತ್ತಿದ್ದವು ಅಂತ ನಾವು ಹೇಳುತ್ತಿಲ್ಲ. ಅವನ್ನು ನೋಡುವ ಮೊದಲೇ ಕಾರ್ಮಿಕರ ಮನೆಗಳನ್ನು ಗುರಿ ಅಂತ ಬರೆದಿಟ್ಟರಲ್ಲ, ಅದು ಅಪರಾಧ. ಇನ್ನು ನಾಗಸಾಕಿಗೆ ಏನು ಸಮಜಾಯಿಷಿ? ಅದಕ್ಕೆ ಬೇರೆ ಆಜ್ಞೆಯೂ ಇರಲಿಲ್ಲ. ಬಾಂಬುಗಳು ತಯಾರಾದ ಹಾಗೆ ಹಾಕುತ್ತಾ ಹೋಗಿ ಅಂತ ಜುಲೈ 25ರಂದೇ ಬರೆದು ಕೊಟ್ಟಾಗಿತ್ತು. ಆಗಸ್ಟ್ 11ಕ್ಕೆ ಅಂದುಕೊಂಡದ್ದನ್ನು ಹವಾಮಾನ ಕೆಡುತ್ತದೆ ಅಂತ 9ಕ್ಕೆ ತಂದರು. ಹಿರೋಶಿಮಾದಲ್ಲಿ ಏನಾಯಿತು ಅಂತ ಜಪಾನಿಗೆ ಪೂರಾ ತಿಳಿಯಲೂ ಬಿಡಲಿಲ್ಲ. ಆಗಸ್ಟ್ 10ರಂದು ಟ್ರೂಮನ್ ತಾವು ಹೇಳದೆ ಇನ್ನೊಂದು ಹಾಕಬೇಡಿ ಅಂದರು. ಇನ್ನೂ ಒಂದು ಲಕ್ಷ ಜನರನ್ನು ಅಳಿಸುವುದು, ಅಷ್ಟೊಂದು ಮಕ್ಕಳನ್ನು ಕೊಲ್ಲುವುದು ತಮಗೆ ಸೇರದು ಅಂತ ಸಂಪುಟದಲ್ಲಿ ಹೇಳಿದರೆಂದು ಸಹೋದ್ಯೋಗಿ ಹೆನ್ರಿ ವಾಲೆಸ್ ದಿನಚರಿಯಲ್ಲಿ ಬರೆದಿದ್ದಾರೆ. ಮಕ್ಕಳು ನಾಲ್ಕು ದಿನ ಮೊದಲೂ ಇದ್ದರು.

ಬದುಕಿದವರ ಪಾಡೇನು? ಅವರನ್ನು ಹಿಬಾಕುಶಾ ಅನ್ನುತ್ತಾರೆ. ಅಮೆರಿಕ 1947ರಲ್ಲಿ ಅಲ್ಲೊಂದು ಸಂಸ್ಥೆ ತೆರೆದು ಅವರ ಮೈ ಪರೀಕ್ಷಿಸಿತು, ರಕ್ತ ತೆಗೆದುಕೊಂಡಿತು, ಚಿಕಿತ್ಸೆ ಕೊಡಲಿಲ್ಲ. ಸ್ವಂತ ಜನ ಅವರಿಗೆ ಹೆಣ್ಣು ಕೊಡಲು, ಅವರಿಂದ ತರಲು, ಕೆಲಸ ಕೊಡಲು ಹಿಂಜರಿದರು. ಊರ ಹೆಸರು ಹೇಳದೆ ಬದುಕೋದು ಅಂದರೆ ಏನಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅವರು ಮುದುರಿ ಕೂರಲಿಲ್ಲ. 1956ರಲ್ಲಿ ‘ನಿಹೊನ್ ಹಿದಾನ್‌ಕ್ಯೊ’ ಸಂಘಟನೆ ಕಟ್ಟಿದರು. 2024ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಿರೋಶಿಮಾದ ಕವಿ ಕುರಿಹಾರಾ ಸಾದಾಕೊ, ತಾವೇ ಬಾಂಬು ಕಂಡು ಬದುಕಿದವರು, ನಮ್ಮ ಸಾವಿಗೆ ಲೋಕ ಮರುಗಬೇಕಾದರೆ ನಮ್ಮ ಸೈನ್ಯ ನಾಂಜಿಂಗ್‌ನಲ್ಲಿ ಮಾಡಿದ್ದನ್ನೂ ನಾವು ಒಪ್ಪಿಕೊಳ್ಳಬೇಕು ಅನ್ನುವ ಅರ್ಥದ ಕವಿತೆ ಬರೆದರು. ಕವಿಯಾದವರು ಮಾಡಬೇಕಾದ ಕೆಲಸ ಅದು.

ನಮ್ಮ ದೇಶ 1974ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಮಾಡಿದ ಅಣು ಸ್ಫೋಟಕ್ಕೆ ‘ನಗುವ ಬುದ್ಧ’ ಅಂತ ಹೆಸರು ಬಂತು. 1998ರಲ್ಲಿ ಮತ್ತೆ ಸ್ಫೋಟಿಸಿದ್ದು ಬುದ್ಧ ಪೂರ್ಣಿಮೆಯ ದಿನ. ಬೀದಿಯಲ್ಲಿ ಸಿಹಿ ಹಂಚಿದರು. ಯುರೇನಿಯಂ ಅಗೆದದ್ದು ಜಾದೂಗೋಡದಲ್ಲಿ, ಆದಿವಾಸಿಗಳ ನೆಲದಲ್ಲಿ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ನಮಗೆ ಕೊಟ್ಟ ಬುದ್ಧ ಇವನೇ ಏನು?

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರೆ, ನಿಮ್ಮ ಮಕ್ಕಳಿಗೂ ಈ ಚರ್ಚೆಯ ವಿಷಯ ಯಾವತ್ತಾದರೂ ಬರುತ್ತದೆ. ಪರವೋ ವಿರೋಧವೋ ಚೀಟಿ ಎತ್ತುವ ಮೊದಲು, ಆ ಊರುಗಳಲ್ಲಿ ಯಾರಿದ್ದರು ಅಂತ ಮಕ್ಕಳು ಹುಡುಕಿ ಬರಲಿ. ಅವ್ವನ ಡಬ್ಬಿಯಲ್ಲಿ ಈಗಲೂ ಬೇಳೆ ಇದೆ. ಈ ಸಲ ಊರಿಗೆ ಹೋದಾಗ ಅವಳಿಗೆ ಉರಕಾಮಿಯ ಕೇರಿಯ ಸುದ್ದಿ ಹೇಳಬೇಕು.