ಆರು ತಿಂಗಳ ಗುಳಿಗೆ

ಜಾಲಹಳ್ಳಿ ಎಂದೊಡನೆ ಬೆಂಗಳೂರಿನವರಿಗೆ ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ಕಾರ್ಖಾನೆಗಳು ನೆನಪಾಗುತ್ತವೆ. ನಾನು ಹೇಳಹೊರಟಿರುವುದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಇನ್ನೊಂದು ಜಾಲಹಳ್ಳಿಯಲ್ಲಿ ಕಿವಿಗೆ ಬಿದ್ದ ಪ್ರಶ್ನೆಯ ವಿಚಾರ. ಹೊರಾಂಗಣ ಚಿತ್ರೀಕರಣ ಮುಗಿಸಿ ಸಾಮಾನು ಕಟ್ಟುತ್ತಿದ್ದಾಗ ಪಿ.ಯು.ಸಿ. ಓದುವ ಹುಡುಗನೊಬ್ಬ ಬಳಿಗೆ ಬಂದ. "ಸರ, ಜ್ವರಕ್ಕ ಮೂರು ದಿನ ಗುಳಿಗಿ ನುಂಗಿದ್ರ ಸಾಕು. ಟಿ.ಬಿ.ಗೆ ಆರು ತಿಂಗಳು ಯಾಕ ಬೇಕ್ರಿ?" ಎಂದು ಕೇಳಿದ.

ಸುಮ್ಮನೆ ಕೇಳಿದ್ದಲ್ಲ. ಅವನ ತಂದೆಗೆ ಕ್ಷಯ ತಗಲಿತ್ತು. ಎರಡು ತಿಂಗಳು ಗುಳಿಗೆ ನುಂಗಿದ ಮೇಲೆ ಕೆಮ್ಮು ನಿಂತಿತು, ಮೈಗೆ ಕಸುವು ಬಂತು. ಅಷ್ಟರಲ್ಲಿ ಸುಗ್ಗಿ ಮುಗಿದು ಊರಿನವರು ಬೆಂಗಳೂರಿಗೆ ಗುಳೆ ಹೊರಟರು. ಇವರೂ ಕಟ್ಟಡದ ಕೆಲಸಕ್ಕೆಂದು ಹೊರಟರು. ಗುಳಿಗೆ ಊರಿನಲ್ಲೇ ಉಳಿಯಿತು. ಯುಗಾದಿಗೆ ಮರಳಿ ಬಂದಾಗ ಕೆಮ್ಮೂ ಮರಳಿತ್ತು.

ವಿದ್ಯಾರ್ಥಿ ಮಿತ್ರರೇ, ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು. ಆದರೂ ಆ ದಿನ ಅರ್ಧ ಉತ್ತರ ಕೊಟ್ಟು ಜೀಪು ಹತ್ತಿದೆ. ಉಳಿದರ್ಧವನ್ನು ಹುಡುಕುತ್ತ ಹೋದಾಗ ಸಿಕ್ಕಿದ ಇತಿಹಾಸ ಇದು.

ಮೊದಲು ರೋಗಾಣುವಿನ ಸ್ವಭಾವ ತಿಳಿಯಿರಿ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಅನುಕೂಲ ಪರಿಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 1882ರಲ್ಲಿ ರಾಬರ್ಟ್ ಕಾಖ್ ಗುರುತಿಸಿದ ಕ್ಷಯದ ಬ್ಯಾಕ್ಟೀರಿಯಾ ಒಮ್ಮೆ ಎರಡಾಗಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ. ಬಹುಪಾಲು ಔಷಧಿಗಳು ಬ್ಯಾಕ್ಟೀರಿಯಾ ಬೆಳೆಯುತ್ತಿರುವಾಗಲೇ ಅದನ್ನು ಹಿಡಿದು ಕೊಲ್ಲುತ್ತವೆ. ಬೆಳೆಯದೆ ಮಲಗಿರುವ ಕೆಲವು ಹಾಗೇ ಉಳಿದುಕೊಳ್ಳುತ್ತವೆ. ಕೆಮ್ಮು ನಿಂತ ಮೇಲೂ ನಾಲ್ಕು ತಿಂಗಳು ಗುಳಿಗೆ ನುಂಗಬೇಕಾದದ್ದು ಈ ಮಲಗಿರುವವುಗಳಿಗಾಗಿ. ಹುಡುಗನಿಗೆ ನಾನು ಹೇಳಿದ್ದು ಇಷ್ಟನ್ನೇ.

ಈಗ ಔಷಧಿಯ ಕಡೆಯಿಂದ ನೋಡೋಣ. 1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೋಮೈಸಿನ್ ಪಡೆದ. ಯುದ್ಧದಿಂದ ಬಡವಾಗಿದ್ದ ಬ್ರಿಟನ್ನಿಗೆ ಅದು ಸಿಕ್ಕಿದ್ದು ಬೊಗಸೆಯಷ್ಟು. ಎಲ್ಲರಿಗೂ ಕೊಡಲಾಗದ ಆ ಕೊರತೆಯನ್ನೇ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಯೋಗವಾಗಿ ಮಾರ್ಪಡಿಸಿತು. 107 ರೋಗಿಗಳಲ್ಲಿ ಯಾರಿಗೆ ಔಷಧಿ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ಮುಂಚಿತವಾಗಿ ನಿರ್ಧರಿಸಲಾಯಿತು. 55 ಮಂದಿಗೆ ಔಷಧಿ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. 1948ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಕ್ಷಯ ಸೋತಿತೆಂದು ಜನ ನಂಬಿದರು. ಆದರೆ ಬಹಳಷ್ಟು ರೋಗಿಗಳಲ್ಲಿ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗಿತ್ತು. ಐದು ವರ್ಷಗಳ ಬಳಿಕ ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಒಂದೇ ಔಷಧಿ ಸಾಲದು, ಎರಡು ಮೂರನ್ನು ಒಟ್ಟಿಗೆ ಕೊಡಬೇಕೆಂಬುದು ಹೀಗೆ ಕಲಿತ ಪಾಠ.

ಜೊತೆಗೆ ಕೊಡುವ ಔಷಧಿಗಳಲ್ಲಿ ಐಸೋನಿಯಾಜಿಡ್ ಬಂದ ಬಗೆ ನನಗೆ ಈಗಲೂ ಆಶ್ಚರ್ಯ ತರುತ್ತದೆ. 1912ರಲ್ಲಿ ಪ್ರಾಗ್ ನಗರದಲ್ಲಿ ಮೇಯರ್ ಮತ್ತು ಮಾಲಿ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಈ ಸಂಯುಕ್ತವನ್ನು ತಯಾರಿಸಿ, ಅದರ ಗುಣಗಳನ್ನು ಬರೆದಿಟ್ಟು ಮುಂದೆ ಹೋದರು. ಅದು ಕ್ಷಯಕ್ಕೆ ಮದ್ದೆಂದು ಗೊತ್ತಾದದ್ದು 1951-52ರಲ್ಲಿ. ಅದೂ ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯದಂತೆ ಮೂರು ಔಷಧ ಕಂಪನಿಗಳಿಗೆ ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ. ನಡುವಿನ 40 ವರ್ಷ ಕ್ಷಯದಿಂದ ಜನ ಸಾಯುತ್ತಲೇ ಇದ್ದರು. ಮದ್ದಿನ ರಚನಾಸೂತ್ರ ಗ್ರಂಥಾಲಯದಲ್ಲಿತ್ತು. ಸಂಯುಕ್ತವನ್ನು ತಯಾರಿಸುವುದು ಬೇರೆ, ಅದನ್ನು ಯಾವುದರ ಮೇಲೆ ಪರೀಕ್ಷಿಸಬೇಕೆಂದು ಯೋಚಿಸುವುದು ಬೇರೆ.

1960ರ ದಶಕದಲ್ಲಿ ಇಟಲಿಯ ಲೆಪೆಟಿಟ್ ಕಂಪನಿಯಿಂದ ರಿಫಾಂಪಿಸಿನ್ ಬಂತು. ಅದರ ಮೂಲವಸ್ತುವಿಗೆ ಸಂಶೋಧಕರು ಹೆಸರಿಟ್ಟದ್ದು 'ರಿಫಿಫಿ' ಎಂಬ ಫ್ರೆಂಚ್ ಸಿನಿಮಾದಿಂದ. ನಮ್ಮಂಥ ಚಿತ್ರೀಕರಣದವರಿಗೆ ಖುಷಿ ಕೊಡುವ ಸಂಗತಿ! ಒಂದೂವರೆ ವರ್ಷ, ಎರಡು ವರ್ಷ ನಡೆಯುತ್ತಿದ್ದ ಚಿಕಿತ್ಸೆ, ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಸೇರಿದ ಮೇಲೆ ಆರು ತಿಂಗಳಿಗೆ ಇಳಿಯಿತು.

ಗುಳಿಗೆ ಇದ್ದರಾಯಿತೆ? 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿ ಪಟ್ಟಣಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯ ಜನ ತಿಳಿವಳಿಕೆಯಿಲ್ಲದೆ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಪಂಡಿತರ ಮಾತಾಗಿತ್ತು. ಅರ್ಧಕ್ಕಿಂತ ಹೆಚ್ಚು ರೋಗಿಗಳು ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರೆಂದೂ, ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿಯೆಂದೂ ವರದಿ ತೋರಿಸಿತು. ಗುಳೆ ಹೋದ ತಂದೆಯನ್ನು ಬೈಯುವ ಮುನ್ನ ಇದನ್ನು ನೆನೆಯಿರಿ.

ಗುಳೆಗಿಂತ ಚಿಕಿತ್ಸೆ ಉದ್ದವಾಗಿದ್ದರೆ ಚಿಕಿತ್ಸೆಯನ್ನು ಗಿಡ್ಡ ಮಾಡಲಾಗದೆ? ಹೊಸ ಔಷಧಿಯಿಂದ ಆದೀತೆಂಬ ಆಸೆ ವಿಜ್ಞಾನಿಗಳದು. ಅಂಥ ಒಂದು ಪ್ರಯತ್ನ ನಡೆದದ್ದು ಬೆಂಗಳೂರಿನ ಜಾಲಹಳ್ಳಿಗೆ ಹೆಚ್ಚು ದೂರವಿಲ್ಲದ ಹೆಬ್ಬಾಳದಲ್ಲಿ. ಸ್ವೀಡನ್ನಿನ ಆಸ್ಟ್ರಾ ಕಂಪನಿ 1980ರ ದಶಕದಲ್ಲಿ ಮಲ್ಲೇಶ್ವರದಲ್ಲಿ ಸಂಶೋಧನಾ ಕೇಂದ್ರ ತೆರೆದಿತ್ತು. 1999ರಲ್ಲಿ ಕಂಪನಿ ಆಸ್ಟ್ರಾಜೆನೆಕಾ ಆಯಿತು. 2003ರಿಂದ ಬಳ್ಳಾರಿ ರಸ್ತೆಯ ಹೊಸ ಕಟ್ಟಡದಲ್ಲಿ ಕ್ಷಯಕ್ಕೆ ಹೊಸ ಔಷಧಿ ಹುಡುಕುವುದೇ ಮುಖ್ಯ ಕೆಲಸವಾಯಿತು.

ಅಲ್ಲಿನ ಒಂದು ಸಂಯುಕ್ತ ಸಮೂಹದ ಕಥೆ ಹೇಳುತ್ತೇನೆ. ಇಮಿಡಜೋಪಿರಿಡೀನ್ ಎಂಬ ಚೌಕಟ್ಟು ವಿಜ್ಞಾನಿಗಳ ಕೈಯಲ್ಲಿತ್ತು. ಚೌಕಟ್ಟು ಎಂದರೆ ಕಾರ್ಬನ್, ನೈಟ್ರೋಜನ್ ಪರಮಾಣುಗಳ ಎರಡು ಉಂಗುರಗಳು ಅಂಟಿಕೊಂಡ ಗಟ್ಟಿ ಎಲುಬುಗೂಡು. ಅದರ ಪರಮಾಣುಗಳನ್ನು ಅತ್ತಿತ್ತ ಬದಲಿಸಿ ನೋಡಿದಾಗ 1,4-ಅಜಾಇಂಡೋಲ್ ಎಂಬ ಹೊಸ ಚೌಕಟ್ಟು ಬಂತು. ಅದು ಗಾಜಿನ ಪಾತ್ರೆಯಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಕೊಂದಿತು. ಹೇಗೆ ಕೊಂದಿತು? ಇದನ್ನು ಕಂಡುಕೊಂಡ ಉಪಾಯ ಸೊಗಸಾಗಿದೆ. ಔಷಧಿಯ ನಡುವೆಯೂ ಬದುಕುಳಿದ ಬ್ಯಾಕ್ಟೀರಿಯಾಗಳನ್ನು ಹೆಕ್ಕಿ, ಅವುಗಳ ಜೀನುಗಳಲ್ಲಿ ಏನು ಬದಲಾಗಿದೆಯೆಂದು ಓದಿದರು. ಡಿ.ಪಿ.ಆರ್.ಇ.-1 ಎಂಬ ಕಿಣ್ವದ 314ನೆಯ ಅಮೈನೋ ಆಮ್ಲ ಬದಲಾಗಿತ್ತು. ಅಂದರೆ ಔಷಧಿ ಹೋಗಿ ಕೂರುತ್ತಿದ್ದದ್ದು ಅಲ್ಲೇ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂಥ ದಪ್ಪ ಗೋಡೆಯಿದೆ. ಆ ಗೋಡೆಗೆ ಬೇಕಾದ ಸಕ್ಕರೆಯನ್ನು ಸಿದ್ಧಪಡಿಸುವ ಕೆಲಸ ಈ ಕಿಣ್ವದ್ದು. ಗಾರೆ ಕಲಸುವವನನ್ನು ತಡೆದರೆ ಗೋಡೆ ಏಳುವುದೆಲ್ಲಿ? ಈಗಿರುವ ಮುಖ್ಯ ಔಷಧಿಗಳು ಈ ಕಿಣ್ವವನ್ನು ಮುಟ್ಟುವುದಿಲ್ಲ. ಆದ್ದರಿಂದ ಅವುಗಳಿಗೆ ಬಗ್ಗದ ಬ್ಯಾಕ್ಟೀರಿಯಾವೂ ಇದಕ್ಕೆ ಬಗ್ಗೀತು. ಪ್ರವೀಣ್ ಶಿರೂಡೆ ಮತ್ತು ಸಂಗಡಿಗರು ಇದನ್ನು 2013ರಲ್ಲಿ ಪ್ರಕಟಿಸಿದರು.

ಕಷ್ಟದ ಕೆಲಸ ಇದಾದ ಮೇಲೆ. ಗಾಜಿನ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳು ಬೇಕಾದಷ್ಟಿವೆ, ಸೀಮೆಎಣ್ಣೆಯೂ ಕೊಂದೀತು! ಗುಳಿಗೆ ಹೊಟ್ಟೆಯಲ್ಲಿ ಕರಗಬೇಕು, ರಕ್ತಕ್ಕೆ ಸೇರಬೇಕು, ಯಕೃತ್ತು ಅದನ್ನು ಒಡೆದು ಹಾಕುವ ಮೊದಲೇ ಪುಪ್ಪುಸ ತಲುಪಬೇಕು, ಬೇರೆ ಅಂಗಗಳಿಗೆ ಕೇಡು ಮಾಡಬಾರದು. ಮೊದಲ ಸಂಯುಕ್ತಗಳು ಯಕೃತ್ತಿನಲ್ಲಿ ಬೇಗ ಒಡೆಯುತ್ತಿದ್ದವು. ಇನ್ನೊಂದು ತೊಂದರೆ ಅನಿರೀಕ್ಷಿತ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕಿನ ಸುದ್ದಿಯನ್ನು ಮುಟ್ಟಿಸಲು ನೆರವಾಗುವ ಪಿ.ಡಿ.ಇ.-6 ಎಂಬ ಕಿಣ್ವಕ್ಕೂ ಇವು ಅಂಟುತ್ತಿದ್ದವು. ಪುಪ್ಪುಸದ ಮದ್ದು ಕಣ್ಣಿಗೆ ತಗಲಬಾರದಷ್ಟೆ. ಸಂಯುಕ್ತದ ಒಂದು ಅಂಚಿನಲ್ಲಿ ಒಂದೆರಡು ಪರಮಾಣು ಸೇರಿಸಿ, ಇನ್ನೊಂದು ಅಂಚಿನಲ್ಲಿ ತೆಗೆದು, ಪ್ರತಿ ಸಲವೂ ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸಿದರು. ಒಂದು ಗುಣ ಸುಧಾರಿಸಿದರೆ ಇನ್ನೊಂದು ಕೆಡುವುದು ಈ ಕೆಲಸದಲ್ಲಿ ನಿತ್ಯದ ಅನುಭವ. ಕೊನೆಗೆ ಉಳಿದ ಸಂಯುಕ್ತ ಇಲಿಗಳಲ್ಲಿ ಬೇರೂರಿದ ಕ್ಷಯದ ಮೇಲೂ ಪರಿಣಾಮ ತೋರಿತು. ಮೊನಾಲಿಸಾ ಚಟರ್ಜಿ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಯೋಗ್ಯವೆಂದು ಮುಂದಿಟ್ಟರು. ದಿನಕ್ಕೆ 1 ಗ್ರಾಂ ಮೀರದ ಪ್ರಮಾಣ ಸಾಕಾದೀತೆಂದು ಲೆಕ್ಕ ಹಾಕಿದ್ದರು.

ಆ 2014ರ ಜನವರಿಯಲ್ಲೇ ಕಂಪನಿ ಬೆಂಗಳೂರಿನ ಸಂಶೋಧನಾ ವಿಭಾಗವನ್ನು ಮುಚ್ಚುವುದಾಗಿ ಪ್ರಕಟಿಸಿತು. ಬಡವರ ರೋಗದ ಔಷಧಿಯಿಂದ ಲಾಭ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಅನೇಕ ಸಂಯುಕ್ತಗಳು ಇಂಥ ಹೊತ್ತಿನಲ್ಲಿ 1912ರ ಐಸೋನಿಯಾಜಿಡ್‌ನಂತೆ ಕಪಾಟು ಸೇರುತ್ತವೆ. ಇದು ಸೇರಲಿಲ್ಲ. ಕೇಂದ್ರದ ಹಳೆಯ ವಿಜ್ಞಾನಿಗಳು ಕೆಲವರು ಬೆಂಗಳೂರಿನಲ್ಲೇ ನಿರ್ಲಕ್ಷಿತ ರೋಗಗಳ ಸಂಶೋಧನೆಗಾಗಿ ಪ್ರತಿಷ್ಠಾನ ಕಟ್ಟಿಕೊಂಡರು. ಲಾಭದ ಉದ್ದೇಶವಿಲ್ಲದ ಟಿ.ಬಿ. ಅಲಯನ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕೈಜೋಡಿಸಿತು. ಟಿ.ಬಿ.ಎ.-7371 ಎಂಬ ಹೆಸರಿನಲ್ಲಿ ಸಂಯುಕ್ತವನ್ನು ಮೊದಲು ಆರೋಗ್ಯವಂತ ಸ್ವಯಂಸೇವಕರಿಗೆ, ಆಮೇಲೆ ದಕ್ಷಿಣ ಆಫ್ರಿಕದ ಕ್ಷಯರೋಗಿಗಳಿಗೆ ಕೊಟ್ಟು ನೋಡಲಾಯಿತು. ಕಣ್ಣಿನ ಮೇಲೆ ವಿಶೇಷ ನಿಗಾ ಇಡಲಾಗಿತ್ತು. ಹೆಬ್ಬಾಳದ ಕಿಣ್ವದ ಪರೀಕ್ಷೆ ಕೊಟ್ಟ ಎಚ್ಚರಿಕೆ ಅಲ್ಲಿಯವರೆಗೂ ಜೊತೆಗೆ ನಡೆದಿತ್ತು.

ಇದಿನ್ನೂ ಅಂಗಡಿಗೆ ಬಂದ ಔಷಧಿಯಲ್ಲ. ಆಗುತ್ತದೆಂಬ ಭರವಸೆಯನ್ನೂ ನಾನು ಕೊಡಲಾರೆ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದ ಸಂಯುಕ್ತಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಬಿದ್ದುಹೋಗುತ್ತವೆ. ಆದರೆ ಅವಧಿ ಇಳಿಸುವ ಪ್ರಯತ್ನ ಬೇರೆಡೆ ಫಲ ಕೊಟ್ಟಿದೆ. ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಸೇರಿದ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳ ಚಿಕಿತ್ಸೆಗೆ ಸಮನೆಂದು 2021ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಔಷಧಿಗಳಿಗೆ ಬಗ್ಗದ ಕ್ಷಯಕ್ಕೆ ಒಂದೂವರೆ ವರ್ಷ ಮೀರುತ್ತಿದ್ದ ಚಿಕಿತ್ಸೆಯ ಬದಲು ಬೆಡಾಕ್ವಿಲಿನ್, ಪ್ರೆಟೊಮನಿಡ್ ಮೊದಲಾದವು ಸೇರಿದ ಆರು ತಿಂಗಳ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2024ರಲ್ಲಿ ಒಪ್ಪಿಗೆ ದೊರೆಯಿತು.

ಜಾಲಹಳ್ಳಿಯ ಹುಡುಗನಿಗೆ ಇದನ್ನೆಲ್ಲ ಪತ್ರದಲ್ಲಿ ಬರೆದೆ. ಅವನ ಮರುಪತ್ರದಲ್ಲಿ ಅಜಾಇಂಡೋಲ್ ವಿಚಾರ ಒಂದು ಸಾಲಿನಲ್ಲಿ ಮುಗಿದಿತ್ತು. ಅಪ್ಪ ಮತ್ತೆ ಮೊದಲಿನಿಂದ ಗುಳಿಗೆ ಆರಂಭಿಸಿದ್ದಾರಂತೆ. ಹೆಸರು ಒಮ್ಮೆ ನೋಂದಣಿಯಾದ ಮೇಲೆ ಬೆಂಗಳೂರಿನ ಸರಕಾರಿ ಆಸ್ಪತ್ರೆಯಲ್ಲೂ ಉಳಿದ ಗುಳಿಗೆ ಕೊಡುತ್ತಾರೆಂದು ದವಾಖಾನೆಯವರು ತಿಳಿಸಿದರಂತೆ. ಈ ಸಲ ಗುಳೆ ಹೋಗುವಾಗ ಚಿಕಿತ್ಸೆಯ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ದಿದ್ದಾರೆಂದು ಬರೆದಿದ್ದ.